ಬಳ್ಳಾರಿ ಎಕ್ಸಿಬಿಷನ್: ಜೈಂಟ್ ವೀಲ್‌ಗೆ ಪೂರ್ತಿ ಅಂಕ, ಗೇಟಿಗೆ ಇಲ್ಲ

ಬೈಪಾಸ್ ಕಡೆ ಎಕ್ಸಿಬಿಷನ್ ಹಾಕಿದ್ದಾರೆ. ಗೇಟಿಗೆ 50 ರೂಪಾಯಿ, ಒಳಗೆ ಒಂದೊಂದು ಆಟಕ್ಕೂ ಬೇರೆ ಟಿಕೆಟ್. ಜೈಂಟ್ ವೀಲ್‌ಗೆ 80. ಹೋಗಬಹುದಾ ಅಂತ ಕೇಳುವವರಿಗೆ ನನ್ನ ಮಾತು ಇಷ್ಟೇ: ಬೇರೆ ಯಾವುದನ್ನು ಬಿಟ್ಟರೂ ಪರವಾಗಿಲ್ಲ, ವೀಲ್ ಹತ್ತಿ. ಹತ್ತುವ ಮೊದಲು ಸ್ವಲ್ಪ ಹೊತ್ತು ಕೆಳಗೆ ನಿಂತು ನೋಡಿ.

ನಾನು ಸ್ಪಾಂಜ್ ಐರನ್ ಫ್ಯಾಕ್ಟರಿಯಲ್ಲಿ ಮೆಂಟೆನೆನ್ಸ್ ಫಿಟ್ಟರ್. ಬೇರಿಂಗ್, ಬೋಲ್ಟು, ಶಾಫ್ಟು ದಿನದ ಕೆಲಸ. ಹಾಗಾಗಿ ಕಣ್ಣು ಮೊದಲು ಬುಡಕ್ಕೇ ಹೋಯಿತು. ನಮ್ಮದು ಎರೆ ನೆಲ. ಒಣಗಿದರೆ ಬಿರುಕು, ನೆನೆದರೆ ಕುಸಿತ. ಇದು ಗೊತ್ತಿದ್ದೇ ಅವರು ಮೊರಂ ಹಾಕಿ ಗಟ್ಟಿ ಮಾಡಿ, ಮೇಲೆ ದಪ್ಪ ಮರದ ದಿಮ್ಮಿಗಳನ್ನು ಅಡ್ಡಡ್ಡ ಜೋಡಿಸಿ ಕಾಲು ಕೂರಿಸಿದ್ದಾರೆ. ಚೊಕ್ಕ ಕೆಲಸ.

ಜನ ಕೂರಿಸುವ ರೀತಿ ಇನ್ನೂ ಚೊಕ್ಕ. ಒಂದು ತೊಟ್ಟಿಲು ತುಂಬಿದ ಮೇಲೆ ಪಕ್ಕದ್ದನ್ನು ತುಂಬಿಸಲ್ಲ. ಅರ್ಧ ಸುತ್ತು ತಿರುಗಿಸಿ ಅದರ ಎದುರಿನದ್ದನ್ನು ಕೆಳಗೆ ತರುತ್ತಾರೆ. ಕ್ಯೂನಲ್ಲಿ ನಿಂತವರು ‘ಸುಮ್ನೆ ಯಾಕೆ ಕಾಯಿಸ್ತೀರಿ’ ಅಂತ ಕೂಗುತ್ತಿದ್ದರು. ಸುಮ್ನೆ ಅಲ್ಲ. ಭಾರ ಒಂದೇ ಕಡೆ ಬಿದ್ದರೆ ಚಕ್ರ ಆ ಕಡೆಗೆ ಜಗ್ಗುತ್ತೆ, ಮೋಟರಿಗೂ ಬ್ರೇಕಿಗೂ ಹೊಡೆತ. ಪ್ರತಿ ತೊಟ್ಟಿಲಿನ ಅಡ್ಡ ಸರಳಿಗೆ ಒಂದು ಪಿನ್ನು, ಪಿನ್ನಿಗೆ ಸಣ್ಣ ಸರಪಳಿ. ಇಪ್ಪತ್ತರ ಆಸುಪಾಸಿನ ಒಬ್ಬ ಹುಡುಗ ಪಿನ್ನು ಹಾಕಿ, ಸರಳನ್ನು ಎರಡು ಸಲ ಜಗ್ಗಿ ನೋಡಿ, ಆಮೇಲೇ ಕೈ ಎತ್ತುತ್ತಿದ್ದ. ಭಾನುವಾರದ ನೂಕುನುಗ್ಗಲಲ್ಲೂ ಒಂದನ್ನೂ ಬಿಡಲಿಲ್ಲ. 80 ರೂಪಾಯಿ ಸಾರ್ಥಕ ಅನಿಸಿದ್ದು ಅಲ್ಲೇ.

ಇಂಥ ಚಕ್ರಕ್ಕೆ ‘ಫೆರಿಸ್ ವೀಲ್’ ಅನ್ನುವ ಹೆಸರು ಬರಲು ಕಾರಣನಾದ ಜಾರ್ಜ್ ಫೆರಿಸ್ ನಮ್ಮ ಲೈನಿನವನೇ. ಸೇತುವೆಗೆ ಹೋಗುವ ಉಕ್ಕನ್ನು ಪರೀಕ್ಷೆ ಮಾಡುತ್ತಿದ್ದ ಎಂಜಿನಿಯರ್. 1893ರ ಷಿಕಾಗೋ ಮೇಳಕ್ಕೆ ಅವನು ನಿಲ್ಲಿಸಿದ ಚಕ್ರದ ಎತ್ತರ 264 ಅಡಿ. 36 ಡಬ್ಬಿ, ಒಂದೊಂದರಲ್ಲಿ 60 ಜನ. ನಡುವಿನ ಶಾಫ್ಟ್ ಒಂದೇ ಸುಮಾರು 40 ಟನ್, 45 ಅಡಿ ಉದ್ದ. ಅದನ್ನು ಅಷ್ಟು ಮೇಲಕ್ಕೆ ಎತ್ತಿ ಬೇರಿಂಗ್ ಮೇಲೆ ಕೂರಿಸಿದ್ದಾರೆ. ನಾವು ಕ್ರೇನ್ ಇಟ್ಟುಕೊಂಡು ಅದರ ಹತ್ತರಲ್ಲೊಂದು ಪಾಲು ತೂಕ ಎತ್ತುವಾಗಲೂ ಎಷ್ಟು ಬೆವರುತ್ತೇವೆ! ಟಿಕೆಟ್ 50 ಸೆಂಟ್. ಮೊದಲ ಸುತ್ತಿನಲ್ಲಿ ನಿಲ್ಲಿಸಿ ನಿಲ್ಲಿಸಿ ಜನ ತುಂಬಿಸಿ, ಎರಡನೇ ಸುತ್ತು ನಿಲ್ಲಿಸದೆ ತಿರುಗಿಸುತ್ತಿದ್ದರು.

ಆದರೆ ಅದು ಊರೂರು ತಿರುಗುವ ಚಕ್ರವಲ್ಲ. 1906ರಲ್ಲಿ ಡೈನಮೈಟ್ ಇಟ್ಟು ಕೆಡವಿದರು. ನಮ್ಮ ಮೈದಾನಕ್ಕೆ ಲಾರಿಯಲ್ಲಿ ಬರುವ ಚಕ್ರಕ್ಕೆ ದಾರಿ ಮಾಡಿದವರಲ್ಲಿ ವಿಲಿಯಂ ಸಲಿವನ್ ದೊಡ್ಡ ಹೆಸರು. ಷಿಕಾಗೋದಲ್ಲಿ ಫೆರಿಸನ ಚಕ್ರ ಹತ್ತಿದವನು ಅದನ್ನು ತಲೆಯಿಂದ ತೆಗೆಯಲಿಲ್ಲ. ಬಿಚ್ಚಿ, ಸಾಗಿಸಿ, ಮತ್ತೆ ಜೋಡಿಸುವಂಥ ಸಣ್ಣ ಚಕ್ರವನ್ನು 1900ರಲ್ಲಿ ತಿರುಗಿಸಿಯೇ ಬಿಟ್ಟ. ಫೆರಿಸನ ಹೆಸರು ಎಲ್ಲರಿಗೂ ಗೊತ್ತು. ಬಡವರ ಊರಿಗೂ ಚಕ್ರ ಬರುವಂತೆ ಮಾಡಿದ ಸಲಿವನ್‌ನ ಹೆಸರೂ ಗೊತ್ತಿರಬೇಕು.

ಈ ಸಲದ ಗೇಟ್ ಸಮುದ್ರ ತೀರದ ಸೆಟ್. ಕಡಲೊಳಕ್ಕೆ ಚಾಚಿದ ಪಿಯರ್ ಥರ ಪ್ಲೈವುಡ್ಡಿನ ಕಟ್ಟೆ, ಎರಡೂ ಕಡೆ ನೀಲಿ ಲೈಟು, ಸೆಲ್ಫಿಗೆ ಜನವೋ ಜನ. ಇಂಗ್ಲೆಂಡಿನ ಬ್ರೈಟನ್‌ನಲ್ಲಿ 1823ರಲ್ಲಿ ಇಂಥ ಕಟ್ಟೆ ಕಟ್ಟಿದ್ದು ಹಡಗು ಹತ್ತಿ ಇಳಿಯಲು. ಜನ ದುಡ್ಡು ಕೊಟ್ಟು ಅದರ ಮೇಲೆ ಸುಮ್ಮನೆ ಓಡಾಡಲು ಶುರು ಮಾಡಿದರು. ಅಂಗಡಿ ಬಂತು, ಆಟ ಬಂತು. 1896ರ ಬಿರುಗಾಳಿಗೆ ಅದು ಹೋಯಿತು. ಅಷ್ಟರಲ್ಲಿ ಕರಾವಳಿಯ ಎಷ್ಟೋ ಊರುಗಳಲ್ಲಿ ಅಂಥವು ಎದ್ದಿದ್ದವು. ಇಲ್ಲಿ ಕಡಲಿಲ್ಲದಿದ್ದರೇನು, ಮಕ್ಕಳ ಖುಷಿ ನಿಜದ್ದೇ. ಸೆಟ್ ಬಗ್ಗೆ ನನಗೆ ಬೇಜಾರಿಲ್ಲ.

ಬೇಜಾರು ಅದರ ಹಿಂದೆ ಇದೆ. ಬಟ್ಟೆ, ಥರ್ಮಾಕೋಲ್, ಪ್ಲೈವುಡ್ಡಿನ ಮೇಲೆಯೇ ವೈರ್ ಎಳೆದಿದ್ದಾರೆ. ಒಂದು ಜಾಯಿಂಟಿಗೆ ಟೇಪ್ ಕೂಡ ಸರಿಯಾಗಿ ಸುತ್ತಿರಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಟಿಕೆಟ್ ಕೌಂಟರ್ ಹತ್ತಿರ ಬಿಟ್ಟರೆ ಬೇರೆಲ್ಲೂ ಕಾಣಲಿಲ್ಲ. ಹಿಂದಿನ ಗೇಟಿಗೆ ಬೀಗ. ಕೇಳಿದರೆ ‘ಟಿಕೆಟ್ ಇಲ್ಲದವರು ನುಗ್ತಾರೆ ಸಾರ್’ ಅಂದರು. ನ್ಯೂಯಾರ್ಕಿನ ಕೋನಿ ಐಲೆಂಡ್‌ನಲ್ಲಿ 1904ರಲ್ಲಿ ತೆರೆದ ಡ್ರೀಮ್‌ಲ್ಯಾಂಡ್ ಎಂಬ ಪಾರ್ಕ್ ಬಣ್ಣ ಬಳಿದ ಮರ ಮತ್ತು ಪ್ಲಾಸ್ಟರಿನದ್ದು. 1911ರ ಸೀಸನ್ ಶುರುವಾಗಬೇಕಿದ್ದ ದಿನವೇ, ಬೆಳಗಾಗುವ ಮೊದಲು, ರಿಪೇರಿ ನಡೆಯುತ್ತಿದ್ದ ಒಂದು ಆಟದಲ್ಲಿ ಬಿಸಿ ಟಾರಿಗೆ ಕಿಡಿ ಹತ್ತಿ ಇಡೀ ಪಾರ್ಕ್ ಸುಟ್ಟಿತು. ಮತ್ತೆ ಕಟ್ಟಲೇ ಇಲ್ಲ. ಅದು ಜನ ಇಲ್ಲದ ಹೊತ್ತು. ನಮ್ಮಲ್ಲಿ ಭಾನುವಾರ ರಾತ್ರಿ ಒಂಬತ್ತಕ್ಕೆ ಹೀಗಾದರೆ ಏನು ಗತಿ? ವೀಲ್‌ನ ಪಿನ್ನಿಗೆ ತೋರಿಸುವ ಕಾಳಜಿಯಲ್ಲಿ ಅರ್ಧದಷ್ಟು ಸಾಕು, ಆ ಬೀಗ ತೆಗೆಯಲಿ. ಕಾವಲಿಗೆ ಒಬ್ಬನನ್ನು ನಿಲ್ಲಿಸಿದರೆ ಆಯ್ತು ಅಲ್ವಾ?

ಉಳಿದದ್ದು ಬೇಗ ಹೇಳುತ್ತೇನೆ. ಬ್ರೇಕ್ ಡ್ಯಾನ್ಸ್ ಆಟ ಬೇಡ, ಸೀಟಿನ ರೆಕ್ಸಿನ್ ಹರಿದು ಅಂಚು ತಾಗುತ್ತೆ. ಹಡಗಿನಂತೆ ತೂಗುವ ಕೊಲಂಬಸ್ ಪರವಾಗಿಲ್ಲ. ಡೆಲ್ಲಿ ಹಪ್ಪಳದ ಎಣ್ಣೆ ಕರ್ರಗಿತ್ತು, ಹೊರಗಿನ ಗಾಡಿಯಲ್ಲಿ ಮಂಡಕ್ಕಿ, ಮಿರ್ಚಿ ತಿನ್ನಿ.

ವಾರದ ದಿನ ಸಂಜೆ ಆರೂವರೆಗೆ ಹೋಗಿ. ಧೂಳು ಕಡಿಮೆ, ಕ್ಯೂ ಇಲ್ಲ, ವೀಲ್ ನಿಧಾನಕ್ಕೆ ತಿರುಗಿಸುತ್ತಾರೆ. ತೊಟ್ಟಿಲು ಮೇಲೆ ಹೋಗಿ ನಿಂತಾಗ ಒಂದು ಕಡೆ ಕೋಟೆ ಗುಡ್ಡ, ಇನ್ನೊಂದು ಕಡೆ ಕುಡತಿನಿ ದಿಕ್ಕಿನ ಚಿಮಣಿಗಳ ಕೆಂಪು ದೀಪ ಕಾಣುತ್ತೆ. ಇಳಿದ ಮೇಲೆ ಮ್ಯಾನೇಜರನ್ನು ಹುಡುಕಿ ಹಿಂದಿನ ಗೇಟಿನ ಬೀಗದ ಬಗ್ಗೆ ನೀವೂ ಕೇಳಿ. ಒಬ್ಬನೇ ಕೇಳಿದ್ದಕ್ಕೆ ನನ್ನನ್ನು ಸಾಗಹಾಕಿದರು, ಹತ್ತು ಜನ ಕೇಳಿದರೆ ತೆಗೆಯಲೇಬೇಕಾಗುತ್ತೆ.