ಎರಡು ವರ್ಷ, ಒಂದೇ ಟ್ಯೂಬ್: ಕ್ವಿನಾಕ್ರಿಡೋನ್ ರೋಸ್

ಈ ಎಣ್ಣೆಬಣ್ಣದ ಟ್ಯೂಬಿನ ಮೇಲಿದ್ದ ಖಾಲಿ ಚೌಕ ನೋಡದೆ ಕೊಂಡದ್ದು ನನ್ನದೇ ತಪ್ಪು. ಖಾಲಿ ಚೌಕ ಅಂದ್ರೆ ಪಾರದರ್ಶಕ, ಪೂರ್ತಿ ತುಂಬಿದ್ದರೆ ಅಡಿಯದನ್ನು ಮುಚ್ಚುವ ಬಣ್ಣ. ನನ್ನ ಕಣ್ಣು ಹೋಗಿದ್ದು ಬೀಟ್‌ರೂಟ್ ಹೆಚ್ಚಿದ ಕೈಯಂಥ ಆ ಗುಲಾಬಿಯ ಮೇಲೆ ಮಾತ್ರ.

ಮೊದಲ ಆರು ತಿಂಗಳು ಬರೀ ಜಗಳ. ತೆಳ್ಳಗೆ ಹಚ್ಚಿದರೆ ಕ್ಯಾನ್ವಾಸ್ ಇಣುಕುತ್ತಿತ್ತು. ಸಿಟ್ಟಿನಿಂದ ದಪ್ಪ ಮೆತ್ತಿದರೆ ಒಣಗಿದ ರಕ್ತದ ಹಾಗೆ ಕಪ್ಪಾಗುತ್ತಿತ್ತು. ಟೈಟೇನಿಯಂ ವೈಟ್ ಬೆರೆಸಿದೆ. ಮುಚ್ಚಿತು ನಿಜ, ಆದರೆ ಉಳಿದಿದ್ದು ಸೀಮೆಸುಣ್ಣದಂಥ ಸಪ್ಪೆ ಗುಲಾಬಿ. ಝಿಂಕ್ ವೈಟ್ ಅಷ್ಟು ಸಪ್ಪೆ ಮಾಡಲ್ಲ, ಆದರೆ ಸರಿಯಾಗಿ ಮುಚ್ಚುವುದೂ ಇಲ್ಲ. ವರ್ಷ ಕಳೆದಂತೆ ಅದರ ಪದರ ಪೆಡಸಾಗಿ ಬಿರುಕು ಬಿಡುತ್ತದೆ ಬೇರೆ. ಟ್ಯೂಬನ್ನು ಡಬ್ಬಿಯ ತಳಕ್ಕೆ ತಳ್ಳಿದೆ.

ಕೆಟ್ಟುಹೋದ ಒಂದು ಹೂವಿನ ಚಿತ್ರ ಗೋಡೆಗೆ ಮುಖ ಮಾಡಿ ಕೂತಿತ್ತು. ಅದೇ ಸೀಮೆಸುಣ್ಣದ ಗುಲಾಬಿ, ಪೂರ್ತಿ ಒಣಗಿತ್ತು. ಒಂದು ದಿನ ಬ್ರಷ್‌ನಲ್ಲಿ ಉಳಿದಿದ್ದ ಶುದ್ಧ ರೋಸನ್ನು ಸುಮ್ನೆ ಒಂದು ದಳಕ್ಕೆ ಉಜ್ಜಿದೆ. ಒಳಗೆ ದೀಪ ಹಚ್ಚಿದ ಹಾಗಾಯಿತು! ಬೆಳಕು ಮೇಲಿನ ಪದರ ದಾಟಿ, ಅಡಿಯ ಬಿಳುಪಿಗೆ ಬಡಿದು, ಮತ್ತೆ ಅದೇ ಬಣ್ಣದ ಮೂಲಕ ಹೊರಬರುತ್ತದೆ. ದಪ್ಪ ಮೆತ್ತಿದಾಗ ಆ ಬೆಳಕಿಗೆ ವಾಪಸ್ ಬರುವ ದಾರಿಯೇ ಇರಲಿಲ್ಲ, ಅಲ್ವಾ?

ಈಗ ಮುಚ್ಚುವ ಕೆಲಸ ಅಡಿಯ ಪದರದ್ದು, ಹೊಳಪು ಕೊಡುವುದು ಮಾತ್ರ ಇದರದ್ದು. ಬೇಕಾದ್ದಕ್ಕಿಂತ ಒಂದು ಛಾಯೆ ತಿಳಿಯಾಗಿ, ಎಣ್ಣೆ ಕಡಿಮೆ ಹಾಕಿ ಅಡಿಪದರ ಬಳಿಯುತ್ತೇನೆ. ಒಣಗಿದ ಮೇಲೆ ಅವರೆಕಾಳಿನಷ್ಟು ರೋಸ್, ಎರಡೇ ಹನಿ ಅಗಸೆ ಎಣ್ಣೆ. ಮೆತ್ತನೆ ಬ್ರಷ್‌ನಲ್ಲಿ ಹರಡಿ, ಹಳೇ ಬನಿಯನ್ ತುಂಡಿನಿಂದ ಒತ್ತಿ ಒತ್ತಿ ತೆಗೆಯುವುದು. ಗೆರೆಗಳೆಲ್ಲ ಮಾಯವಾಗಿ ಬಣ್ಣ ಸಮವಾಗಿ ಕೂರುವ ಆ ಎರಡು ನಿಮಿಷಕ್ಕಾಗಿಯೇ ಕೆಲವೊಮ್ಮೆ ಚಿತ್ರ ಶುರು ಮಾಡುತ್ತೇನೆ.

ಗಾಢ ಕೆಂಪು ಬೇಕಿದ್ದರೆ ಅಡಿಗೆ ಕ್ಯಾಡ್ಮಿಯಂ ರೆಡ್ಡೇ ಸರಿ. ಅದು ದುಬಾರಿ, ಹಾಗಾಗಿ ಕೈ ಬಿಗಿಯಿದ್ದಾಗ ಇಂಡಿಯನ್ ರೆಡ್ ಹಾಕುತ್ತೇನೆ. ಅದೂ ಚೆನ್ನಾಗಿ ಮುಚ್ಚುತ್ತದೆ. ಅಷ್ಟು ಝಗಝಗ ಇರುವುದಿಲ್ಲ, ಆದರೆ ನೆರಳಿನ ಜಾಗಕ್ಕೆ ನನಗೆ ಅದೇ ಜಾಸ್ತಿ ಇಷ್ಟ.

ಆತುರದವರಿಗೆ, ಒಂದೇ ಸಲ ಕೂತು ಚಿತ್ರ ಮುಗಿಸುವವರಿಗೆ ಈ ಬಣ್ಣ ಬೇಡ. ಇದು ಒಣಗುವುದೂ ನಿಧಾನ. ಟ್ಯೂಬಂತೂ ಇನ್ನೂ ಅರ್ಧ ಮುಗಿದಿಲ್ಲ. ಮುಚ್ಚಳ ಮಾತ್ರ ಪ್ರತಿ ಸಲ ಅಂಟಿಕೊಳ್ಳುತ್ತದೆ. ನಿನ್ನೆಯೂ ಬಿಸಿನೀರಲ್ಲಿ ಅದ್ದಿಯೇ ತಿರುಗಿಸಿದ್ದು.