ವಿಂಡೋಸ್ 11 ಹಾಕಿದ ಮೇಲೆ ತೆವಳಿದ ಲ್ಯಾಪ್‌ಟಾಪ್: ನಾನು ಮಾಡಿ ನೋಡಿದ ದಾರಿಗಳು

ಮೊದಲೇ ಹೇಳಿಬಿಡುತ್ತೇನೆ. ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ 11 ಹಾಕಿದ ಮೇಲೆ ಅದು ತೆವಳುತ್ತಿದ್ದರೆ, ಒಳಗೆ ಮೆಮೊರಿ ಕೂರಿಸುವ ಒಂದು ಖಾಲಿ ಸ್ಲಾಟ್ ಇದ್ದರೆ, ಸುಮ್ನೆ ಒಂದು ರ‍್ಯಾಮ್ ತಂದು ಹಾಕಿ. ಮಿಕ್ಕಿದ್ದೆಲ್ಲ ಆಮೇಲೆ. ಇಷ್ಟು ತಿಳಿಯಲು ನನಗೆ ಎರಡು ತಿಂಗಳು ಬೇಕಾಯಿತು. ಎರಡು ಶನಿವಾರ ಲೋಕಲ್ ರೈಲಿನಲ್ಲಿ ಹೋದವು. ಒಬ್ಬ ಅಂಗಡಿ ಹುಡುಗನ ಮುಂದೆ ಮರ್ಯಾದೆಯೂ ಸ್ವಲ್ಪ ಹೋಯಿತು. ಅದನ್ನು ಮುಂದೆ ಹೇಳುತ್ತೇನೆ.

ನನ್ನ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಐದಾರು ಹೋಟೆಲುಗಳ ಲೆಕ್ಕ ಬರೆಯುವುದು ನನ್ನ ಹೊಟ್ಟೆಪಾಡು. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ, ಎರಡೂ ಜಿಎಸ್‌ಟಿ ರಿಟರ್ನುಗಳು. ಅದರ ಹಿಂದಿನ ರಾತ್ರಿ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ, ಎರಡು ದಪ್ಪ ಎಕ್ಸೆಲ್ ಫೈಲು, ಕ್ರೋಮ್‌ನಲ್ಲಿ ಇಪ್ಪತ್ತು ಟ್ಯಾಬು, ವಾಟ್ಸಾಪ್ ವೆಬ್, ಎಲ್ಲ ಒಟ್ಟಿಗೆ ತೆರೆದಿರುತ್ತವೆ. ವರ್ಷಕ್ಕೊಮ್ಮೆ ನಮ್ಮ ಸಂಘದ ಸ್ಮರಣ ಸಂಚಿಕೆಯ ಟೈಪಿಂಗೂ ನನ್ನ ತಲೆಗೇ ಬೀಳುತ್ತದೆ, ಅದು ‘ನುಡಿ’ ಸಾಫ್ಟ್‌ವೇರ್‌ನಲ್ಲಿ. ಲ್ಯಾಪ್‌ಟಾಪ್ 2019ರದು, 8ನೇ ತಲೆಮಾರಿನ ಐ5, 4 ಜಿಬಿ ರ‍್ಯಾಮ್. ಹಾರ್ಡ್ ಡಿಸ್ಕ್ ತೆಗೆಸಿ, ತಿರುಗುವ ಭಾಗವಿಲ್ಲದ ವೇಗದ ಎಸ್‌ಎಸ್‌ಡಿ ಹಾಕಿಸಿ ನಾಲ್ಕು ವರ್ಷ ಆಯಿತು. ನಿಮ್ಮಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕೇ ಇದ್ದರೆ ಮೊದಲು ಅದನ್ನು ಬದಲಿಸಿ. ಅದಿರುವ ತನಕ ಬೇರೆ ಏನು ಮಾಡಿದರೂ ಗೊತ್ತಾಗುವುದಿಲ್ಲ.

ವಿಂಡೋಸ್ 10ರ ಉಚಿತ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲುತ್ತದೆ ಎಂದಾಗ ನಾನೂ ಎಲ್ಲರಂತೆ ಆ ತಿಂಗಳ ಮೊದಲ ವಾರದಲ್ಲಿ 11 ಹಾಕಿಕೊಂಡೆ. ಕನಿಷ್ಠ 4 ಜಿಬಿ ಸಾಕು ಎಂದು ಬರೆದಿತ್ತು. ನನ್ನಲ್ಲಿ 4 ಇತ್ತು. ಸರಿ ಅಂದುಕೊಂಡೆ.

ಅಕ್ಟೋಬರ್ 10ರ ರಾತ್ರಿ ಗೊತ್ತಾಯಿತು, ಕನಿಷ್ಠ ಅಂದರೆ ಏನು ಅಂತ. ಎಕ್ಸೆಲ್‌ನಲ್ಲಿ ಬಿಲ್ ಮೊತ್ತ ನೋಡಿ ಟ್ಯಾಲಿಗೆ ಹೋಗಲು ಆಲ್ಟ್-ಟ್ಯಾಬ್ ಒತ್ತಿದೆ. ಪರದೆ ಬೆಳ್ಳಗಾಯಿತು. ನೀಲಿ ಉಂಗುರ ತಿರುಗತೊಡಗಿತು. ಬಾಯಲ್ಲೇ ಎಣಿಸಿದೆ. ಒಂಬತ್ತಕ್ಕೆ ಟ್ಯಾಲಿ ಬಂತು. ಅಷ್ಟರಲ್ಲಿ ಮೊತ್ತ ಮರೆತುಹೋಗಿತ್ತು! ಮತ್ತೆ ಎಕ್ಸೆಲ್‌ಗೆ ಹೋದೆ, ಮತ್ತೆ ಒಂಬತ್ತು. ಕೊನೆಗೆ ಮೊತ್ತಗಳನ್ನು ಹೋಟೆಲಿನ ಹಳೇ ಬಿಲ್ಲಿನ ಹಿಂದೆ ಪೆನ್ನಿನಲ್ಲಿ ಬರೆದುಕೊಂಡು ಕೂತೆ. ಕಂಪ್ಯೂಟರ್ ಬರುವ ಮುಂಚೆ ನಮ್ಮಪ್ಪ ಮಾಡುತ್ತಿದ್ದುದೂ ಅದನ್ನೇ.

ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಪುಟ ನೋಡಿದೆ. ಬಳಸಲು ಸಿಗುವುದು 3.9 ಜಿಬಿ. ಏನೂ ತೆರೆಯದೆ, ಬರೀ ಆನ್ ಮಾಡಿದ್ದಕ್ಕೇ 3 ಜಿಬಿ ಖಾಲಿ. ಎಲ್ಲರೂ ಶೇಕಡಾವಾರು ನೋಡಿ ಗಾಬರಿ ಬೀಳುತ್ತಾರೆ, ಆದರೆ ನೋಡಬೇಕಾದದ್ದು ಅದಲ್ಲ. ಕೆಳಗೆ ‘ಕಮಿಟೆಡ್’ ಅಂತ ಎರಡು ಅಂಕಿ ಇರುತ್ತವೆ. ಎಲ್ಲ ತೆರೆದಿದ್ದಾಗ ನನ್ನದು 7.6/8.1 ಜಿಬಿ. ಬಲಗಡೆಯದು ರ‍್ಯಾಮ್ ಮತ್ತು ಪೇಜ್ ಫೈಲ್ (ಮೆಮೊರಿ ಸಾಲದಾಗ ಬಳಸಲು ಡಿಸ್ಕಿನಲ್ಲಿ ಇಟ್ಟ ಜಾಗ) ಸೇರಿದ ಒಟ್ಟು ಜಾಗ. ಎಡಗಡೆಯದು ತೆರೆದಿರುವ ಪ್ರೋಗ್ರಾಂಗಳಿಗೆ ಆಗಲೇ ಮಾತು ಕೊಟ್ಟಾಗಿರುವ ಜಾಗ. 4 ಜಿಬಿ ಇಟ್ಟುಕೊಂಡು ಏಳೂವರೆ ಜಿಬಿಗೆ ಮಾತು ಕೊಟ್ಟಾಗಿದೆ. ಉಳಿದದ್ದು ಎಲ್ಲಿಂದ ಬರಬೇಕು? ಡಿಸ್ಕಿನಿಂದ.

ಹೋಟೆಲಿನ ಅಡುಗೆಮನೆ ನೋಡಿದವರಿಗೆ ಇದು ಹೊಸದಲ್ಲ. ಭಟ್ಟರ ಮುಂದಿನ ಕಟ್ಟೆ ರ‍್ಯಾಮ್. ಹಿಂದಿನ ಸ್ಟೋರ್ ರೂಮು ಪೇಜ್ ಫೈಲ್. ಕಟ್ಟೆ ಚಿಕ್ಕದಾದರೆ ದೋಸೆ ಹಿಟ್ಟು ಇಡಲು ಸಾಂಬಾರ್ ಪಾತ್ರೆ ಒಳಗೆ ಹೋಗಬೇಕು, ಸಾಂಬಾರ್ ಬೇಕಾದಾಗ ಹಿಟ್ಟು ಒಳಗೆ. ಭಟ್ಟರು ಓಡಾಡುತ್ತಲೇ ಇರುತ್ತಾರೆ, ದೋಸೆ ಮಾತ್ರ ಬರುವುದಿಲ್ಲ. ನನ್ನ ಆ ಒಂಬತ್ತು ಸೆಕೆಂಡು ಇದೇ ಓಡಾಟ.

ಮೊದಲು ಮಾಡಿದ್ದು ಹಿಂದಕ್ಕೆ ಹೋಗುವುದು. 11 ಹಾಕಿದ 10 ದಿನದೊಳಗೆ ಸೆಟ್ಟಿಂಗ್ಸ್‌ನ ರಿಕವರಿಯಲ್ಲಿ ‘ಗೋ ಬ್ಯಾಕ್’ ಒತ್ತಿದರೆ ಹಳೇ 10 ವಾಪಸ್ ಬರುತ್ತದೆ. ಜಾಗ ಮಾಡಲೆಂದು, ಹಳೇ 10 ಇರುವ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರ್ ಅಳಿಸಿದ್ದರೆ ಬರುವುದಿಲ್ಲ. ನಾನು ಅಳಿಸಿರಲಿಲ್ಲ. ಅರ್ಧ ಗಂಟೆಯಲ್ಲಿ 10 ಬಂತು. ಖಾಲಿ ಕೂತಾಗ ಬಳಕೆ 2.4 ಜಿಬಿ. ಅರ್ಧ ಜಿಬಿ ಉಳಿಯಿತು, ನಿಜ. ಆದರೆ ಟ್ಯಾಲಿ, ಎಕ್ಸೆಲ್, ಕ್ರೋಮ್ ಮೂರೂ ತೆರೆದರೆ ಒಂಬತ್ತು ಎಣಿಸುವ ಬದಲು ಆರು ಎಣಿಸುತ್ತಿದ್ದೆ, ಅಷ್ಟೇ. 10ರಲ್ಲೂ ಇದು ಒದ್ದಾಡುತ್ತಲೇ ಇತ್ತು, ನನಗೆ ಅಭ್ಯಾಸವಾಗಿತ್ತು. ಹೆಸರು ನೋಂದಾಯಿಸಿಕೊಂಡರೆ 10ಕ್ಕೆ ಸುರಕ್ಷತೆಯ ಅಪ್‌ಡೇಟ್ 2026ರ ಅಕ್ಟೋಬರ್ 13ರವರೆಗೆ ಸಿಗುತ್ತದೆ. ಬರೀ ಬ್ರೌಸಿಂಗ್, ಅಲ್ಲಿಯವರೆಗೆ ತಳ್ಳಿದರೆ ಸಾಕು ಅನ್ನುವವರಿಗೆ ಇದು ಕೆಟ್ಟ ದಾರಿಯಲ್ಲ. ನಾನು ಬೇರೆಯವರ ಬ್ಯಾಂಕ್ ಸ್ಟೇಟ್‌ಮೆಂಟ್ ಇಟ್ಟುಕೊಂಡು ಕೆಲಸ ಮಾಡುವವನು. ವರ್ಷ ಕಳೆದು ಮತ್ತೆ ಇದೇ ತಲೆನೋವು ಬೇಡ ಎಂದು 11ಕ್ಕೇ ಮರಳಿದೆ.

ಎರಡನೆಯದು ಕಾಸಿಲ್ಲದೆ ರಿಪೇರಿ. ಇದರಲ್ಲಿ ಅರ್ಧ ಒಳ್ಳೆಯದು, ಅರ್ಧ ವಿಷ. ಒಳ್ಳೆಯ ಅರ್ಧ: ಟಾಸ್ಕ್ ಮ್ಯಾನೇಜರ್‌ನ ಸ್ಟಾರ್ಟಪ್ ಪಟ್ಟಿಯಲ್ಲಿ ಬೇಡದ್ದೆಲ್ಲ ಆಫ್ ಮಾಡುವುದು. ನನ್ನಲ್ಲಿ ಎರಡು ವರ್ಷದ ಹಿಂದೆ ಗುಜರಿಗೆ ಹಾಕಿದ ಪ್ರಿಂಟರಿನ ಸಾಫ್ಟ್‌ವೇರ್ ಇನ್ನೂ ದಿನಾ ಬೆಳಿಗ್ಗೆ ಎದ್ದು ಕೂರುತ್ತಿತ್ತು. ಕ್ರೋಮ್‌ನ ಪರ್ಫಾರ್ಮೆನ್ಸ್ ಸೆಟ್ಟಿಂಗ್‌ನಲ್ಲಿ ಮೆಮೊರಿ ಸೇವರ್ ಆನ್ ಮಾಡಿದರೆ ಮುಟ್ಟದ ಟ್ಯಾಬುಗಳು ಮಲಗುತ್ತವೆ. ಜಿಎಸ್‌ಟಿ ಪೋರ್ಟಲನ್ನು ಮಾತ್ರ ಸದಾ ಎಚ್ಚರವಿರುವ ಪಟ್ಟಿಗೆ ಸೇರಿಸಿ. ಇಷ್ಟರಿಂದ ಸುಮಾರು 400 ಎಂಬಿ ಉಳಿಯಿತು.

ವಿಷದ ಅರ್ಧ ಒಂದು ವಿಡಿಯೊದಿಂದ ಬಂತು. ‘ರಾಕೆಟ್ ಥರ ಓಡುತ್ತೆ’ ಅನ್ನುವ ಜಾತಿಯ ವಿಡಿಯೊ. ಅದರಲ್ಲಿ ಹೇಳಿದಂತೆ ಮೊದಲು ಪೇಜ್ ಫೈಲ್ ಆಫ್ ಮಾಡಿದೆ. ಅಂದರೆ ಕಟ್ಟೆ ಚಿಕ್ಕದು ಎಂದು ಸ್ಟೋರ್ ರೂಮಿಗೆ ಬೀಗ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ. ಒಂದು ಗಂಟೆಯೊಳಗೆ ಎಕ್ಸೆಲ್ ‘ಮೆಮೊರಿ ಸಾಲದು’ ಎಂದು ಫೈಲ್ ಸಮೇತ ಮುಳುಗಿತು. ಅದೇ ರಾತ್ರಿ ಬೀಗ ತೆಗೆದೆ. ಅದೇ ವಿಡಿಯೊದ ಇನ್ನೊಂದು ಮಾತೂ ಕೇಳಿದ್ದೆ. ವಿಂಡೋಸ್ ಶುರುವಾಗುವ ಸೆಟ್ಟಿಂಗ್‌ಗಳಿರುವ ಎಂಎಸ್‌ಕಾನ್ಫಿಗ್ ತೆರೆದು, ಬೂಟ್‌ನಲ್ಲಿ ಅಡ್ವಾನ್ಸ್ಡ್ ಆಪ್ಷನ್ಸ್ ಒತ್ತಿ, ‘ಮ್ಯಾಕ್ಸಿಮಮ್ ಮೆಮೊರಿ’ ಎದುರು ಟಿಕ್ ಹಾಕಿ 4096 (ಎಂಬಿ, ಅಂದರೆ 4 ಜಿಬಿ) ಬರೆಯುವುದು. ಪೂರ್ತಿ ಮೆಮೊರಿ ಬಳಸು ಎಂದು ಹೇಳಿದಂತೆ ಅಂತ ಆ ಪುಣ್ಯಾತ್ಮ ಹೇಳಿದ್ದ. ಟಿಕ್ ಹಾಕಿದೆ. ಮರೆತೆ.

ನವೆಂಬರ್‌ನಲ್ಲಿ ಇನ್ನೂ ನಿಧಾನವಾಯಿತು. ಸಾಕಾಯಿತು, ರ‍್ಯಾಮ್ ತರುತ್ತೇನೆ ಎಂದು ಹೊರಟೆ. ಹೊರಡುವ ಮುಂಚೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ‘ಸ್ಲಾಟ್ಸ್ ಯೂಸ್ಡ್’ ನೋಡಿದೆ: 2ರಲ್ಲಿ 1. ಅಂದರೆ 4 ಜಿಬಿ ಒಂದು ಜಾಗದಲ್ಲಿದೆ (ನನ್ನದರಲ್ಲಿ ಅದು ಬೋರ್ಡಿಗೇ ಬೆಸೆದಿದೆ), ಇನ್ನೊಂದು ಜಾಗ ಖಾಲಿ. ನನ್ನದಕ್ಕೆ ಬೇಕಾದ ಮೆಮೊರಿಯ ಜಾತಿ ಡಿಡಿಆರ್4. ಡಿಡಿಆರ್3 ತಂದರೆ ಕೂರುವುದೇ ಇಲ್ಲ, ಕಚ್ಚು ಬೇರೆ ಕಡೆ ಇರುತ್ತದೆ. ಡೊಂಬಿವಲಿಯಿಂದ ದಾದರ್, ಅಲ್ಲಿ ಸೇತುವೆ ದಾಟಿ ವೆಸ್ಟರ್ನ್ ಲೈನ್, ಗ್ರ್ಯಾಂಟ್ ರೋಡಿನಲ್ಲಿ ಇಳಿದು ಪೂರ್ವಕ್ಕೆ ನಡೆದರೆ ಕಂಪ್ಯೂಟರ್ ಸಾಮಾನಿನ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್. ಬೋರ್ಡಿನಲ್ಲಿ ಡಾ. ಭಡಕಮ್‌ಕರ್ ಮಾರ್ಗ್ ಅಂತ ಇದೆ, ಹಾಗೆ ಕೇಳಿದರೆ ಮಾತ್ರ ದಾರಿ ತೋರಿಸುವವರು ಕಡಿಮೆ. ರ‍್ಯಾಮ್ ಬೆಲೆ ಆಗಲೇ ಏರತೊಡಗಿತ್ತು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನೆಲ್ಲ ಎತ್ತಿಕೊಂಡು ಹೋಗುತ್ತಿವೆ, ಅದರ ಬಿಸಿ ಡೊಂಬಿವಲಿಗೂ ತಟ್ಟಿತು ನೋಡಿ. ಹೊಸದರ ದರ ಕೇಳಿ ಸುಮ್ಮನಾಗಿ, ಸೆಕೆಂಡ್ ಹ್ಯಾಂಡ್ 8 ಜಿಬಿ ಒಂದು 1,800 ರೂಪಾಯಿಗೆ ತಂದೆ. ಒಂದು ತಿಂಗಳ ವಾರಂಟಿ, ಬಾಯಿಮಾತಿನದು.

ಮನೆಯಲ್ಲಿ ತಳದ ಸ್ಕ್ರೂ ಬಿಚ್ಚಿ, ರ‍್ಯಾಮನ್ನು ಓರೆಯಾಗಿ ತೂರಿಸಿ ಕೆಳಕ್ಕೆ ಒತ್ತಿದೆ. ಎರಡೂ ಬದಿಯ ಕ್ಲಿಪ್ ಟಕ್ ಎಂದವು. ಆನ್ ಮಾಡಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೇಲ್ಗಡೆ 2.8 ಜಿಬಿ. ಕೆಳಗೆ ‘ಹಾರ್ಡ್‌ವೇರ್ ರಿಸರ್ವ್ಡ್’, ಅಂದರೆ ವಿಂಡೋಸ್‌ಗೆ ಸಿಗದೆ ಮೀಸಲಾದದ್ದು, 9.2 ಜಿಬಿ. ಸಿಸ್ಟಮ್ ಪುಟದಲ್ಲೂ ಅದೇ: ಇರುವುದು 12, ಬಳಸಲು ಸಿಗುವುದು 2.8. ಮೊದಲಿಗಿಂತಲೂ ಕಡಿಮೆ! ತೆಗೆದು ಮತ್ತೆ ಹಾಕಿದೆ. ರಬ್ಬರ್‌ನಿಂದ ಹಿತ್ತಾಳೆ ಬಣ್ಣದ ಅಂಚು ಉಜ್ಜಿದೆ. ವಿಂಡೋಸ್‌ಗೂ ಮುಂಚೆ ಬರುವ ಬಯಾಸ್ ಪುಟಕ್ಕೆ ಹೋಗಿ ನೋಡಿದರೆ ಅಲ್ಲಿ 12 ಜಿಬಿ ಅಂತಲೇ ಇದೆ. ಅಂಗಡಿ ಹುಡುಗ ಸತ್ತ ರ‍್ಯಾಮ್ ಕಟ್ಟಿದ್ದಾನೆ ಎಂದು ಒಂದು ವಾರ ಮನೆಯವರೆದುರು ಬೈದೆ. ಮುಂದಿನ ಶನಿವಾರ ಲ್ಯಾಪ್‌ಟಾಪ್ ಬೆನ್ನಿಗೆ ಹಾಕಿಕೊಂಡು ಮತ್ತೆ ಅದೇ ದಾದರ್, ಅದೇ ಸೇತುವೆ.

ಹುಡುಗ ಜಗಳಕ್ಕೆ ಬರಲಿಲ್ಲ. ರ‍್ಯಾಮ್ ತೆಗೆದು ತನ್ನ ಲ್ಯಾಪ್‌ಟಾಪ್‌ಗೆ ಹಾಕಿ ತೋರಿಸಿದ, ಪೂರ್ತಿ 8 ಬಂತು. ಮತ್ತೆ ನನ್ನದಕ್ಕೇ ಹಾಕಿ, ವಿಂಡೋಸ್ ಬದಲು ಓಡಿಸುವ ಲಿನಕ್ಸ್ ಇದ್ದ ಒಂದು ಪೆನ್‌ಡ್ರೈವ್ ಚುಚ್ಚಿ ಅದರಿಂದ ಬೂಟ್ ಮಾಡಿದ. ಹನ್ನೊಂದು ಚಿಲ್ಲರೆ ಜಿಬಿ ಕಂಡಿತು. ಅಂದರೆ ರ‍್ಯಾಮ್ ಸರಿ, ಸ್ಲಾಟ್ ಸರಿ. ಕೆಟ್ಟದ್ದು ವಿಂಡೋಸ್‌ನ ಒಳಗೇ ಎಲ್ಲೋ ಇದೆ. ಅವನು ನನ್ನ ಮುಖವನ್ನೂ ನೋಡದೆ ಎಂಎಸ್‌ಕಾನ್ಫಿಗ್ ಟೈಪ್ ಮಾಡಿ ನೇರ ಅಲ್ಲಿಗೇ ಹೋದ. ಟಿಕ್ ಕಂಡಿತು. 4096. ‘ಅಂಕಲ್, ಯೇ ಕಿಸ್‌ನೇ ಕಿಯಾ?’ (ಇದನ್ನು ಯಾರು ಮಾಡಿದ್ದು?) ಎಂದ.

ಯಾರೋ ಮೆಕ್ಯಾನಿಕ್ ಮಾಡಿರಬೇಕು ಎಂದೆ.

ಆ ಟಿಕ್‌ನ ನಿಜವಾದ ಅರ್ಥ ‘ಪೂರ್ತಿ ಬಳಸು’ ಅಲ್ಲ, ‘ಈ ಗೆರೆಯಿಂದ ಮೇಲಿರುವುದನ್ನು ಮುಟ್ಟಬೇಡ’ ಎಂದು. ಗೆರೆಯ ಕೆಳಗಿನ 4 ಜಿಬಿ ವಿಳಾಸಗಳಲ್ಲೂ (ಮೆಮೊರಿಯ ಜಾಗಗಳ ನಂಬರುಗಳು) ಒಂದಷ್ಟು ಗ್ರಾಫಿಕ್ಸ್ ಮುಂತಾದ ಯಂತ್ರಭಾಗಗಳಿಗೆ ಮೀಸಲು. ಅಲ್ಲಿಗೆ ಕೂರಬೇಕಿದ್ದ ರ‍್ಯಾಮನ್ನು ಗೆರೆಯ ಮೇಲಕ್ಕೆ ಸರಿಸಿರುತ್ತಾರೆ. ಹಾಗಾಗಿ 4096 ಬರೆದರೆ 4 ಜಿಬಿ ಕೂಡ ಪೂರ್ತಿ ಸಿಗುವುದಿಲ್ಲ. ನವೆಂಬರ್ ತಿಂಗಳೆಲ್ಲ ನಾನೇ ಒಂದು ಜಿಬಿ ಕಿತ್ತಿಟ್ಟುಕೊಂಡು ವಿಂಡೋಸ್‌ಗೆ ಶಾಪ ಹಾಕುತ್ತಿದ್ದೆ. ಲಿನಕ್ಸ್ ಪೆನ್‌ಡ್ರೈವ್ ವಿಂಡೋಸ್‌ನ ಈ ಸೆಟ್ಟಿಂಗನ್ನು ಓದುವುದೇ ಇಲ್ಲ, ಅದಕ್ಕೇ ಅದರಲ್ಲಿ ಪೂರ್ತಿ ಕಂಡಿತು. ಹುಡುಗ ಟಿಕ್ ತೆಗೆದ, ರೀಸ್ಟಾರ್ಟ್ ಮಾಡಿದ. 11.9 ಜಿಬಿ. ದುಡ್ಡು ಕೇಳಲಿಲ್ಲ. ನಾನೇ ಅವನಿಂದ ಬೇಡದ ಒಂದು ಮೌಸ್ ಕೊಂಡು ಬಂದೆ.

4 ಮತ್ತು 8 ಹೊಂದದ ಜೋಡಿ ಅಂತ ಕೆಲವರು ಹೇಳುತ್ತಾರೆ. ಹಳೇ 4ರ ಜೊತೆ ಹೊಸ 8ರಲ್ಲಿನ 4 ಸೇರಿ ಮೊದಲ 8 ಜಿಬಿ ಜೋಡಿಯಾಗಿಯೇ ಓಡುತ್ತದೆ, ಉಳಿದ 4 ಒಂಟಿಯಾಗಿ. ಟ್ಯಾಲಿಗೆ ಅದೆಲ್ಲ ಗೊತ್ತಾಗುವುದಿಲ್ಲ.

ಆ ಪೆನ್‌ಡ್ರೈವ್ ನೋಡಿ ನನಗೂ ಆಸೆಯಾಯಿತು. ಮನೆಗೆ ಬಂದು ನನ್ನದೇ ಒಂದು ಪೆನ್‌ಡ್ರೈವ್‌ಗೆ ಲಿನಕ್ಸ್ ಮಿಂಟ್‌ನ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಹಾಕಿ ಒಂದು ವಾರ ಓಡಿಸಿದೆ. ಖಾಲಿ ಕೂತಾಗ ಬಳಕೆ ಒಂದು ಜಿಬಿ ಆಸುಪಾಸು. ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಮೊದಲೇ ಇದೆ, ಯೂನಿಕೋಡ್ ಕನ್ನಡ ಬರೆಯಲು ಏನೂ ಇನ್‌ಸ್ಟಾಲ್ ಮಾಡಬೇಕಿಲ್ಲ. ಬರೀ ಓದು, ಬರಹ, ಬ್ರೌಸಿಂಗ್ ಆಗಿದ್ದರೆ ನಾನು ವಾಪಸ್ ಬರುತ್ತಲೇ ಇರಲಿಲ್ಲ. ಆದರೆ ಟ್ಯಾಲಿ ವಿಂಡೋಸ್‌ನದು. ಸಂಘದ ಹಳೇ ಸಂಚಿಕೆಗಳೆಲ್ಲ ನುಡಿಯ ಹಳೇ, ಯೂನಿಕೋಡ್ ಅಲ್ಲದ ಆಸ್ಕಿ ಫಾಂಟಿನಲ್ಲಿವೆ, ಅವನ್ನು ತಿದ್ದಲು ನುಡಿಯೇ ಬೇಕು, ಅದೂ ವಿಂಡೋಸ್‌ನದು. ಪೆನ್‌ಡ್ರೈವ್ ಈಗ ಹನ್ನೆರಡನೇ ಕ್ಲಾಸಿನ ಮಗಳ ಹತ್ತಿರ ಇದೆ. ‘ಪಪ್ಪಾ, ಇದನ್ನೇ ಇಟ್ಕೊಳ್ಳಿ, ಎಷ್ಟು ಫಾಸ್ಟ್ ಇದೆ’ ಅನ್ನುತ್ತಾಳೆ. ಅವಳು 3ಬಿ ತುಂಬಬೇಕಿಲ್ಲ, ಅಲ್ವಾ?

ಹೊಸ ಲ್ಯಾಪ್‌ಟಾಪ್ ದರವನ್ನೂ ಕೇಳಿದ್ದೆ. 45,000. ಕೇಳಿದ್ದಷ್ಟೇ.

ತೆರೆಯುವುದು ಐದಾರು ಟ್ಯಾಬು ಮಾತ್ರ ಆಗಿದ್ದರೆ ಸ್ಟಾರ್ಟಪ್ ಪಟ್ಟಿ ಖಾಲಿ ಮಾಡಿ ಅಲ್ಲಿಗೇ ನಿಲ್ಲಿಸಿ, ರ‍್ಯಾಮೂ ಬೇಡ. ತೆಳ್ಳನೆಯ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಪೂರ್ತಿ ಬೆಸೆದು ಸ್ಲಾಟೇ ಇರುವುದಿಲ್ಲ. ಅಂಥದ್ದಾದರೆ ಮಿಂಟ್, ಅಥವಾ 16 ಜಿಬಿ ಇರುವ ಸೆಕೆಂಡ್ ಹ್ಯಾಂಡ್ ಯಂತ್ರ. ಲ್ಯಾಮಿಂಗ್ಟನ್ ರೋಡಿನಲ್ಲಿ ನನಗೆ 22,000 ಹೇಳಿದ್ದರು, ಚೌಕಾಸಿಗೆ ಮುಂಚೆ. ಎಲ್ಲಿ ತಂದರೂ ಹಾಕಿದ ತಕ್ಷಣ ‘ಹಾರ್ಡ್‌ವೇರ್ ರಿಸರ್ವ್ಡ್’ ಅಂಕಿ ನೋಡಿ. ಅದು ನೂರಿನ್ನೂರು ಎಂಬಿ ಇದ್ದರೆ ಸರಿ. ಜಿಬಿ ಲೆಕ್ಕದಲ್ಲಿದ್ದರೆ ಅಂಗಡಿಗೆ ಓಡುವ ಮುಂಚೆ ಎಂಎಸ್‌ಕಾನ್ಫಿಗ್ ತೆರೆಯಿರಿ.

ಡಿಸೆಂಬರ್ 19ರ ರಾತ್ರಿ ಎಲ್ಲ ಎಂದಿನಂತೆ ತೆರೆದಿತ್ತು. ಕಮಿಟೆಡ್ 8.3/13.8. ಎಕ್ಸೆಲ್‌ನಿಂದ ಟ್ಯಾಲಿಗೆ ಹಾರಿದೆ, ಎಣಿಸಲು ಬಾಯಿ ತೆರೆಯುವಷ್ಟರಲ್ಲಿ ಬಂದಿತ್ತು. ಹತ್ತೂಮುಕ್ಕಾಲಿಗೆ ಐದು ಹೋಟೆಲಿನದೂ ಮುಗಿಯಿತು. ಆರನೆಯವರು ಇನ್ನೂ ಬಿಲ್ಲೇ ಕಳಿಸಿರಲಿಲ್ಲ.