ಒಂದೇ ಥರದ ಬಂದೂಕು ನಾಲ್ಕಿದ್ದರೆ ಮಾರಬೇಡಿ, ನಾನು ಮಾರಿ ಕೆಟ್ಟೆ

ಫಾಲ್ಔಟ್: ನ್ಯೂ ವೇಗಸ್ ಈಗಷ್ಟೇ ಶುರು ಮಾಡಿದವರಿಗೆ ಇದು. 2010ರ ವಿಡಿಯೋ ಗೇಮ್, ನಾನು ಕೈಗೆತ್ತಿಕೊಂಡಿದ್ದು ಮೊನ್ನೆ ಮೊನ್ನೆ. ಮೂರು ರಾತ್ರಿಯ ಆಟ ನೀರಲ್ಲಿ ಹೋಮವಾಯಿತು. ತಪ್ಪು ಆಟದ್ದಲ್ಲ, ನನ್ನದೇ.

ಆಟದೊಳಗಿನ ಪ್ರಿಮ್ ಊರು ಸುತ್ತಾಡಿ, ಆಟ ಶುರುವಾಗುವ ಊರು ಗುಡ್‌ಸ್ಪ್ರಿಂಗ್ಸ್‌ಗೆ ಮರಳುವಾಗ ನನ್ನ ಹತ್ತಿರ ನಾಲ್ಕು ಸರ್ವಿಸ್ ರೈಫಲ್ ಇದ್ದವು. ಭಾರಕ್ಕೆ ಓಡಲೂ ಆಗುತ್ತಿರಲಿಲ್ಲ. ಒಂದೇ ಥರದ್ದು ನಾಲ್ಕು ಯಾಕೆ ಅಂತ ಅಲ್ಲಿನ ವ್ಯಾಪಾರಿ ಚೆಟ್‌ನ ಅಂಗಡಿಯಲ್ಲಿ ಮೂರನ್ನು ಮಾರಿದೆ. ಕ್ಯಾಪ್ಸ್ (ಈ ಆಟದ ದುಡ್ಡು) ಎಣಿಸಿಕೊಂಡು ಖುಷಿಯಾಗಿ ಹೊರಬಿದ್ದೆ. ಬಾಗಿಲು ದಾಟುತ್ತಿದ್ದಂತೆ ಆಟೋಸೇವ್ ಆಯಿತು, ಅಂದರೆ ಅಲ್ಲಿವರೆಗಿನ ಆಟವನ್ನು ಗೇಮ್ ತಾನಾಗಿಯೇ ಉಳಿಸಿಕೊಂಡಿತು. ಈ ಮಾತು ನೆನಪಿಟ್ಟುಕೊಳ್ಳಿ.

ವೇಗಸ್‌ಗೆ ಅಡ್ಡದಾರಿ ಅಂತ ಉತ್ತರದ ಬೆಟ್ಟ ಹತ್ತಿದೆ. ಅಲ್ಲಿ ಕಜಡೋರ್‌ಗಳಿವೆ, ಕಿತ್ತಳೆ ರೆಕ್ಕೆಯ ದೈತ್ಯ ಕಣಜಗಳು. ರೆಕ್ಕೆಗೆ ಹೊಡೆದರೆ ನೆಲಕ್ಕೆ ಬೀಳುತ್ತವೆ ಅಂತ ಗೊತ್ತಿತ್ತು. ಮೊದಲನೆಯದನ್ನು ಬೀಳಿಸಿದೆ. ಮ್ಯಾಗಜೀನ್ ಖಾಲಿ. ರೀಲೋಡ್ ಒತ್ತಿದರೆ ನನ್ನ ಪಾತ್ರ ಬಂದೂಕನ್ನು ಓರೆ ಮಾಡಿ, ಸಿಕ್ಕಿಕೊಂಡಿದ್ದನ್ನು ಎಳೆಯುತ್ತಾ ನಿಂತುಬಿಟ್ಟಿತು. ಜಾಮ್! ಆ ಎರಡು ಕ್ಷಣದಲ್ಲಿ ಎರಡು ಕುಟುಕು. ವಿಷ ಏರಿತು, ಮದ್ದಿರಲಿಲ್ಲ, ಸತ್ತೆ. ಆಟೋಸೇವ್‌ನಿಂದ ಮತ್ತೆ ಬಂದರೂ ಅದೇ ಸವೆದ ರೈಫಲ್, ಅದೇ ಕಥೆ.

ಆಮೇಲೆ ತಿಳಿದಿದ್ದು ಇಷ್ಟು. ಬಂದೂಕಿನ ಕಂಡಿಶನ್ (ಎಷ್ಟು ಸವೆದಿದೆ ಎಂಬ ಅಳತೆ, ಹೊಸದಕ್ಕೆ ಶೇ. 100) ಶೇ. 75ರ ಮೇಲಿದ್ದರೆ ಏಟಿನಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಅದಕ್ಕೇ ನಾವು ಮೈಮರೆಯುತ್ತೇವೆ. ಅದರ ಕೆಳಗಿಳಿದರೆ ಏಟು ಸೊರಗುತ್ತಾ ಹೋಗುತ್ತದೆ. ನಾನಂತೂ ಅಗ್ಗದ 5.56 ಸರ್‌ಪ್ಲಸ್ ಗುಂಡನ್ನೇ ಸುರಿಯುತ್ತಿದ್ದೆ. ಅದು ಬಂದೂಕನ್ನು ಇನ್ನೂ ಬೇಗ ಸವೆಸುತ್ತದೆ.

ರಿಪೇರಿಗೆ ಬೇಕಾಗಿದ್ದದ್ದು ಆ ಮೂರು ರೈಫಲ್‌ಗಳೇ. ಪಾತ್ರದ ಕೈಗೆ ಕಟ್ಟಿರುವ ಪಿಪ್‌ಬಾಯ್ ಎಂಬ ಪುಟ್ಟ ಕಂಪ್ಯೂಟರ್‌ನಲ್ಲಿ ಒಂದನ್ನು ಬಿಚ್ಚಿ ಇನ್ನೊಂದಕ್ಕೆ ಜೋಡಿಸಬಹುದು, ಒಂದು ಕ್ಯಾಪ್ ಖರ್ಚಿಲ್ಲ. ಮಾರಲೇಬೇಕಿದ್ದರೂ ಎರಡು ಹಳತನ್ನು ಸೇರಿಸಿ ಒಂದು ಮಾಡಿ ಮಾರಿ. ಭಾರ ಇಳಿಯುತ್ತದೆ, ಬೆಲೆಯೂ ಜಾಸ್ತಿ. ರಿಪೇರಿ ಸ್ಕಿಲ್ 50 ಆದರೆ ವರ್ಕ್‌ಬೆಂಚ್‌ನಲ್ಲಿ ರಿಪೇರಿ ಕಿಟ್ ಮಾಡಿಕೊಳ್ಳಬಹುದು. 90ಕ್ಕೆ ಹೋಗಿ, ಲೆವೆಲ್ 14 ಆದರೆ ಜ್ಯೂರಿ ರಿಗ್ಗಿಂಗ್ ಎಂಬ ಪರ್ಕ್ (ವಿಶೇಷ ಸಾಮರ್ಥ್ಯ) ಸಿಗುತ್ತದೆ. ಆಗ ಒಂದೇ ಜಾತಿಯ ಯಾವುದರಿಂದಲಾದರೂ ರಿಪೇರಿ. ಪವರ್ ಆರ್ಮರ್‌ಗೆ ಮೆಟಲ್ ಆರ್ಮರ್ ತೇಪೆ ಹಾಕಬಹುದು, ನಗು ಬರುತ್ತದೆ ಅಲ್ವಾ?

ಮಾರಿದ್ದನ್ನು ಚೆಟ್‌ನಿಂದ ವಾಪಸ್ ಕೊಳ್ಳೋಣವೆಂದರೆ ಅವನು ಹೇಳಿದ ಬೆಲೆಗೆ ಕ್ಯಾಪ್ಸ್ ಸಾಲಲಿಲ್ಲ. ಕೊನೆಗೆ ನಾನೇ ಕೈಯಾರೆ ಮಾಡಿದ್ದ ಹಳೇ ಸೇವ್ ತೆರೆದೆ. ಮೊದಲ ರಾತ್ರಿಯದು. ಮೂಟೆಯಲ್ಲಿ ಒಂದೇ ಒಂದು ವಾರ್ಮಿಂಟ್ ರೈಫಲ್ ಇತ್ತು.